ಹನ್ನೊಂದರಿಂದ ಹನ್ನೆರಡು, ಹೆಂಗಸರಿಗೆ ಮಾತ್ರ

ಬೋರ್ಡಿನ ಮೇಲೆ ಹಾಗೆಂದು ಬರೆದಿದೆ. ಪೈಂಟು ಸೋರಿ
'ಮಾತ್ರ'ದ ಒತ್ತು ಗೋಡೆಯುದ್ದಕ್ಕೂ ಇಳಿದಿದೆ.
ದುರ್ಗಿಗುಡಿಯ ನನ್ನ ಜೆರಾಕ್ಸ್ ಅಂಗಡಿಯ ಷಟರ್
ಅರ್ಧಕ್ಕೆಳೆದು, ಪಕ್ಕದ ಬಳೆಯಂಗಡಿಯವನಿಗೆ
'ಬ್ಯಾಂಕಿಗೆ' ಅಂದು ಹೊರಡುತ್ತೇನೆ.
ದಿನಾ ಬ್ಯಾಂಕಿಗೆ ಹೋಗುವಷ್ಟು ದುಡ್ಡು ನನ್ನಲ್ಲಿಲ್ಲವೆಂದು
ಅವನಿಗೂ ಗೊತ್ತು. ಒದ್ದೆ ತಲೆಯಲ್ಲಿ ಯಾವ ಬ್ಯಾಂಕಿನಿಂದಲೂ
ಯಾರೂ ಬರುವುದಿಲ್ಲವೆಂದೂ.

ಐವತ್ತೊಂದು ವರ್ಷ ಇದೇ ಊರಲ್ಲಿ, ಹೊಳೆಗೆ
ಎರಡೇ ಫರ್ಲಾಂಗು. ನಲ್ಲಿಯಲ್ಲಿ ಬಂದಾಗಷ್ಟೇ ಮುಟ್ಟಿದ್ದೇನೆ.
ಗಂಗೆ ಮೀಯಲಿಕ್ಕೆ, ತುಂಗೆ ಕುಡಿಯಲಿಕ್ಕೆ
ಅನ್ನುತ್ತಿದ್ದಳು ಅಜ್ಜಿ.
ಗಂಗೆಗೆ ಹೋಗಲು ಕಾಸಿರಲಿಲ್ಲ,
ತುಂಗೆಗಿಳಿಯಲು ಅಪ್ಪಣೆಯಿರಲಿಲ್ಲ.
ಅಣ್ಣಂದಿರು ಮಾತ್ರ ಬೇಸಿಗೆ ರಜೆ ತುಂಬ
ಹಳೇ ಸೇತುವೆಯ ಕೆಳಗೆ ಧುಮುಕಿ ಬರುತ್ತಿದ್ದರು,
ಕಣ್ಣು ಕೆಂಪಗೆ, ಬೆನ್ನ ಮೇಲೆ ಒಣಗಿದ ಮರಳು.
ಅವರ ಚಡ್ಡಿ ಹಿಂಡುತ್ತಿದ್ದವಳು ನಾನು.
ಹಾಗೆ ನೋಡಿದರೆ
ನನಗೂ ಹೊಳೆಗೂ ಪರಿಚಯ ಹಳೆಯದೇ.

ಈ ನೀರು ಗಂಗೆಯೂ ಅಲ್ಲ, ತುಂಗೆಯೂ ಅಲ್ಲ,
ಮೂರೂವರೆ ಅಡಿಯಿಂದ ಶುರುವಾಗುವ ಕ್ಲೋರಿನ್ನು.
ಆದರೂ ಹಾಲಮ್ಮ, ಅಂಗನವಾಡಿಯಿಂದ ರಿಟೈರಾದವಳು,
ಇಳಿಯುವ ಮೊದಲು ಬೊಗಸೆಯಲ್ಲೆತ್ತಿ ಕಣ್ಣಿಗೊತ್ತಿಕೊಳ್ಳುತ್ತಾಳೆ,
ಆಮೇಲೆ ಕಣ್ಣುರಿದು ಕಾರ್ಪೊರೇಷನ್ನಿಗೆ ಶಾಪ ಹಾಕುತ್ತಾಳೆ.
ಲಷ್ಕರ್ ಮೊಹಲ್ಲಾದ ಶಮೀಮ್
ಮಗಳ ಮದುವೆ ಮುಗಿದ ಮರುವಾರವೇ ಹೆಸರು ಬರೆಸಿದ್ದು.
ಮಣಿಕಟ್ಟಿನಿಂದ ಪಾದದವರೆಗಿನ ಕಪ್ಪು ಉಡುಗೆ
ತಾನೇ ಹೊಲಿದದ್ದು, ಮೂರು ಸಲ ಬಿಚ್ಚಿ.
ಕುಮುದ್ವತಿಗೆ ಹೆಸರಷ್ಟೇ ಹೊಳೆಯದು,
ಹದಿನೈದು ದಿನವಾಯಿತು, ಕಂಬಿ ಬಿಟ್ಟಿಲ್ಲ.
ಕೇಳಿದರೆ, 'ಶಿಕಾರಿಪುರದ ಕಡೆಯವರು ಕಣ್ರೀ ನಾವು,
ಬೇಸಿಗೇಲಿ ನಮ್ಮ ಹೊಳೆ ಮೊಣಕಾಲಿಗೂ ಬರಲ್ಲ!'

ಲವೀನಾ ಮೇಡಂಗೆ ಇಪ್ಪತ್ತಾರು. ಕೊರಳಲ್ಲಿ ಸೀಟಿ.
'ಅಕ್ಕಾ, ಹೊಟ್ಟೆ ಮೇಲೆ ಮಾಡಿ, ಮೇಲೆ!
ಇಷ್ಟು ವರ್ಷ ಒಳಗೆಳ್ಕೊಂಡಿದ್ದು ಸಾಕು.'
ನಕ್ಕೆ. ನಕ್ಕಿದ್ದಕ್ಕೆ ನೀರು ಕುಡಿದೆ.
ಕುಡಿದು ಕೆಮ್ಮಿ, ಕೆಮ್ಮಿ ಸುಸ್ತಾಗಿ,
ಹೇಗೋ ಏನೋ ಅಂಗಾತ ಬಿದ್ದಿದ್ದೆ,
ಬೆನ್ನ ಕೆಳಗಿದ್ದ ಅವಳ ಅಂಗೈ
ಯಾವಾಗ ಸರಿಯಿತೋ.

ಕಿವಿ ಮುಳುಗಿತು. ಬಿ.ಎಚ್. ರೋಡಿನ ಹಾರನ್ನೆಲ್ಲ ನಿಂತಿತು.
ಒಳಗೊಂದು ಸದ್ದು, ಟಕ್ ಸರಕ್ ಟಕ್ ಸರಕ್,
ನನ್ನ ಮೆಷಿನ್ನಿನ ಸದ್ದೇ. ಮುಚ್ಚಳದಡಿ ಬೆಳಕು
ಈ ತುದಿಯಿಂದ ಆ ತುದಿಗೆ ಸರಿದಂತೆ
ಮೋಡದ ಸಂದಿನ ಬಿಸಿಲು ಮೈಮೇಲೆ ಸರಿದುಹೋಯಿತು.
ಆಧಾರ್ ಕಾರ್ಡು, ಪಹಣಿ, ಜಾತಿ ಸರ್ಟಿಫಿಕೇಟು
ಎಷ್ಟು ಜನರದ್ದು ಹಾಗೆ ಮಲಗಿಸಿದ್ದೇನೆ ನಾನು.

ಆಮೇಲಿನ ಹಸಿವು ಹೇಳಬಾರದು.
ನಾಲ್ವರೂ ಗಾಡಿಯ ಮುಂದೆ ಮಂಡಕ್ಕಿಗೆ, ಮೆಣಸಿನಕಾಯಿಗೆ.
ಕೂದಲಿಂದ ನೀರು ತೊಟ್ಟಿಕ್ಕಿ ಪೇಪರಿನ ಪೊಟ್ಟಣ ಮೆತ್ತಗಾಗುತ್ತಿತ್ತು.
'ಎಲ್ಲಿಂದ ಬಂದ್ರಿ ಅಕ್ಕಾ, ಮಳೇನೇ ಇಲ್ವಲ್ಲ?'
'ಬ್ಯಾಂಕಿಂದ' ಅಂದಳು ಶಮೀಮ್.
ಹಾಲಮ್ಮನಿಗೆ ಮಂಡಕ್ಕಿ ನೆತ್ತಿಗೇರಿತು.

ಜುಲೈಯಲ್ಲಿ ಪಂಪು ಕೆಟ್ಟು ಕೊಳಕ್ಕೆ ಬೀಗ.
ಊರೆಲ್ಲ ಒಂದೇ ಪ್ರಶ್ನೆ, ಮಂಟಪ ಮುಳುಗಿತಾ?
ನಾವೂ ಹೋದೆವು. ಸೇತುವೆ ತುಂಬ ಛತ್ರಿ, ಸುಟ್ಟ ಜೋಳ,
ಹೆಗಲ ಮೇಲೆ ಮಕ್ಕಳು, ಕೆಂಪು ನೀರಿಗೆ ಹಿಡಿದ ಮೊಬೈಲು.
ಮಂಟಪದ ನೆತ್ತಿಯಷ್ಟೇ ಕಾಣುತ್ತಿತ್ತು.
ಕುಮುದ್ವತಿ ಇಲ್ಲೂ ಕಂಬಿ ಹಿಡಿದೇ ನಿಂತಿದ್ದಳು.
ಜನರ ನಡುವೆ ದೊಡ್ಡಣ್ಣ, ಮೊಮ್ಮಗನಿಗೆ
ತಾನು ಧುಮುಕುತ್ತಿದ್ದ ಜಾಗ ತೋರಿಸುತ್ತ.
ನನ್ನನ್ನು ಕಂಡು, 'ಹಿಂದೆ ನಿಲ್ಲೇ ಮಾರಾಯ್ತಿ,
ನೀರಂದ್ರೆ ಏನು ಅಂತ ನಿಂಗೇನು ಗೊತ್ತು' ಅಂದ.

ನಾನು ಬಾಯಿ ಮುಚ್ಚಿಕೊಂಡು,
ಮೂಗಿನಿಂದ ನಿಧಾನ ಉಸಿರು ಬಿಟ್ಟೆ,
ಹೇಳಿಕೊಟ್ಟ ಹಾಗೆ.